ತೊಳೆದು ತಂದ ಪಾದ

ಇಲ್ಲ ಅಂದರೆ ಇಲ್ಲ! ಪಾದ ತೊಳೆಸಿಕೊಳ್ಳುವವರು ಮನೆಯಲ್ಲೇ ತೊಳೆದುಕೊಂಡು ಬರಬೇಕೆಂದು ಬೈಬಲಿನಲ್ಲಿ ಎಲ್ಲಿದೆ, ತೋರಿಸು. ಯೇಸು ಶಿಷ್ಯರ ಪಾದ ತೊಳೆದ ನೆನಪಿಗೆ ಪವಿತ್ರ ಗುರುವಾರ ನಮ್ಮ ಚರ್ಚಿನಲ್ಲಿ ಕಾಲು ತೊಳೆಸಿಕೊಳ್ಳಲು ಫಾದರ್ ಮುಂದೆ ಕೂರುವ ಹನ್ನೆರಡು ಗಂಡಸರು ಸೋಪು, ಉಜ್ಜುವ ಕಲ್ಲು, ಪೌಡರು ಎಲ್ಲ ಮುಗಿಸಿಯೇ ಬರುತ್ತಿದ್ದರು. ಪಾಪ, ಫಾದರ್ ತೊಳೆಯುತ್ತಿದ್ದದ್ದು ಬರೀ ಪೌಡರು.

ಒಂದು ವರ್ಷ ಆ ಸಾಲಿಗೆ ನನ್ನ ಗೆಳೆಯ ಪೇಂಟರನನ್ನು ಆರಿಸಿದರು. ಅವನ ಕಾಲ್ಬೆರಳ ಸಂದಿಯಲ್ಲಿ ಊರಿನ ಗೋಡೆಗಳ ಬಣ್ಣವೆಲ್ಲ ಮನೆ ಮಾಡಿತ್ತು. ಟರ್ಪಂಟೈನ್ ಸುರಿದು ಉಜ್ಜಿಕೊಂಡು ಬಂದ. ಆ ವಾಸನೆಗೆ ಮೇಣದಬತ್ತಿಯ ಉರಿ ಹೆದರಿ ಆಚೆ ವಾಲಿತು. ನಗಬೇಡ, ಕಣ್ಣಾರೆ ಕಂಡವನು ನಾನು.

ಅವನಿಗೊಬ್ಬ ಅಣ್ಣ. ತಮ್ಮ ಏಣಿ ಹತ್ತಿದರೆ ಅಣ್ಣ ಕೆಳಗೆ ಹಿಡಿಯುವವನು. ಒಂದು ದಿನ ಬೀಡಿ ಹಚ್ಚಲು ಅಣ್ಣ ಕೈ ಬಿಟ್ಟ; ತಮ್ಮ ಬಿದ್ದು ಸೊಂಟ ಮುರಿದುಕೊಂಡ. ಅಲ್ಲಿಂದ ಮಾತಿಲ್ಲ, ಕತೆಯಿಲ್ಲ. ಇಬ್ಬರೂ ಬೇರೆ ಬೇರೆಯಾಗಿ, ಕೈಗೆಟುಕಿದಷ್ಟೇ ಬಳಿದರು. ನಮ್ಮ ಬೀದಿಯ ಮನೆಗಳೆಲ್ಲ ಚಡ್ಡಿ ಹಾಕಿಕೊಂಡು ನಿಂತ ಹಾಗಿದ್ದವು. "ಅವನೇ ಬಂದು ತಪ್ಪಾಯ್ತು ಅನ್ನಲಿ, ಕ್ಷಮಿಸ್ತೀನಿ" ಎನ್ನುತ್ತಿದ್ದ ಪೇಂಟರ್. 

ಪ್ರತಿವರ್ಷ ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದ ಪೇಂಟರ್, ಆ ಗುರುವಾರ ಮುಂದೆ ಕೂತ ತಪ್ಪಿಗೆ ಬೈಬಲ್ ವಾಚನ ಪೂರ್ತಿ ಕೇಳಿದ. ಪೂಜೆ ಮುಗಿದದ್ದೇ ಫಾದರ್ ಬಳಿ ಹೋದ.

"ಫಾದರ್, ಯೇಸು ತನ್ನನ್ನೇ ಹಿಡಿದುಕೊಟ್ಟ ಯೂದನ ಕಾಲೂ ತೊಳೆದ್ರಾ?"

"ಅವನು ಎದ್ದು ಹೋಗಿದ್ದು ಆಮೇಲೆ. ತೊಳೆದೇ ಇರ್ತಾರೆ."

"ಅವನು ತಪ್ಪಾಯ್ತು ಅಂದಿರ್ಲಿಲ್ವಲ್ಲ?"

"ಇಲ್ಲಪ್ಪ."

"'ನೀವೂ ಒಬ್ಬರ ಪಾದ ಒಬ್ಬರು ತೊಳೀಬೇಕು' ಅಂತ ಓದಿದ್ರಿ. ನಾವೋ ಕಾಲು ಚಾಚ್ಕೊಂಡು ಕೂತಿದ್ವಿ."

 ಫಾದರ್ ಕಾಲು ತೊಳೆದ ಬೋಗುಣಿಯನ್ನು ಅವನ ಕೈಗಿತ್ತರು. "ತಗೊಂಡು ಹೋಗು. ನಾನೂ ಯಾರ ಮನೆಗೆ ಹೋಗ್ಬೇಕು ಅಂತ ಯೋಚನೆ ಮಾಡ್ತೀನಿ."

ನೀರಿನ ಚೊಂಬು ಹಿಡಿದು ನಾನು ಹಿಂದೆ ನಡೆದೆ. ಅಣ್ಣ ತನ್ನ ಮನೆಯ ಹೊಸ್ತಿಲ ಮೇಲೆ ಕೂತಿದ್ದ.

"ಏನೋ ಇದು, ಹೊಸ ನಾಟಕ?"

"ಕಾಲು ಕೊಡಣ್ಣ."

"ಗಲೀಜಾಗಿದೆ. ತಾಳು, ತೊಳ್ಕೊಂಡು ಬರ್ತೀನಿ."

"ಬೇಡ, ಹಾಗೇ ಕೂತ್ಕೋ."

ಪೇಂಟರ್ ನೆಲಕ್ಕೆ ಕೂರಲು ಬಗ್ಗಿದ. ಅರ್ಧದಲ್ಲೇ ಸೊಂಟ ಹಿಡಿದು ನಿಂತ. ಅಣ್ಣ ಥಟ್ಟನೆ ಅವನ ರಟ್ಟೆಗೆ ಆಸರೆ ಕೊಟ್ಟು ಕೂರಿಸಿದ. ನೀರು ಬಿತ್ತು, ಕೆಸರು ಹರಿಯಿತು.

"ಇನ್ನೂ ನೋಯುತ್ತೇನೋ?" ಅಣ್ಣನೇ ಬಾಯಿಬಿಟ್ಟ.

"ಹೂಂ."

"ನಾನು ಕೈ ಬಿಡಬಾರದಾಗಿತ್ತು ಕಣೋ."

"ಆ ಕಾಲೂ ಕೊಡು," ಅಂದ ಪೇಂಟರ್, ತಲೆ ಎತ್ತದೆ.

ಈಗ ಹೇಳು, ಚರ್ಚಿನಲ್ಲಿ ನಡೆದದ್ದು ದೊಡ್ಡದೋ, ಆ ಹೊಸ್ತಿಲಲ್ಲಿ ನಡೆದದ್ದೋ? ನಾನಂತೂ...

"ರೀ, ಎಷ್ಟು ಸಲ ಕೂಗಬೇಕು? ಊಟ ತಣ್ಣಗಾಯ್ತು!"

ಬಂದೆ ಕಣೇ, ಬಂದೆ.