ಪಕ್ಕದ ಮನೆಗೆ ನಮ್ಮ ತಕರಾರು

ಮಧ್ಯಾಹ್ನದ ನಿದ್ದೆ ಕೆಡಿಸುವವರನ್ನು ಕಂಡರೆ ನನಗೆ ವಿಪರೀತ ಸಿಟ್ಟು. ಮೇಷ್ಟರ ಕೆಲಸದಿಂದ ನಿವೃತ್ತನಾದ ಮೇಲೆ ನಾನು ಶ್ರದ್ಧೆಯಿಂದ ಮಾಡುತ್ತಿರುವ ಕೆಲಸ ಅದೊಂದೇ. ಹೀಗಾಗಿ ಪಕ್ಕದ ಮನೆ ಆಫೀಸಾಗುತ್ತದಂತೆ ಎಂಬ ಸುದ್ದಿ ಬಂದಾಗ, ಬೀದಿಯವರ ತಕರಾರು ಅರ್ಜಿ ಬರೆದವನೂ ನಾನೇ, ಮೊದಲ ಸಹಿ ಹಾಕಿದವನೂ ನಾನೇ.

ಹಾಸನದ ಅಂಚಿನ ಬಡಾವಣೆ ನಮ್ಮದು. ಪಕ್ಕದ ಮನೆಯ ನಂಜಪ್ಪನವರು ಅರಕಲಗೂಡಿಗೆ ಹೋಗಿ ನೆಲೆಸಿದ ಮೇಲೆ ಆ ಮನೆ ಖಾಲಿ ಬಿದ್ದಿತ್ತು. ಬೂವನಹಳ್ಳಿಯ ಹೊಸ ನಿಲ್ದಾಣದಲ್ಲಿ ವಿಮಾನ ಇಳಿಯುವ ಮೊದಲೇ ಊರಿನಲ್ಲಿ ಸರ್ವೆಯವರು ಇಳಿದುಬಿಟ್ಟಿದ್ದಾರೆ. ಅಂಥ ಜಮೀನು ಅಳೆಯುವವರೊಬ್ಬರಿಗೆ ಮನೆಯನ್ನು ಆಫೀಸಾಗಿ ಕೊಡಲು ನಂಜಪ್ಪನವರು ನಗರಾಭಿವೃದ್ಧಿ ಪ್ರಾಧಿಕಾರದ ಅನುಮತಿ ಕೇಳಿದ್ದರು. ಇಂಥದ್ದಕ್ಕೆ ನೆರೆಹೊರೆಯವರ ಅಭ್ಯಂತರವೇನಾದರೂ ಇದೆಯೇ ಎಂದು ವಿಚಾರಿಸುವುದು ಪದ್ಧತಿ. ನಮ್ಮ ಬೀದಿಯಲ್ಲಿ ಅಭ್ಯಂತರಕ್ಕೆ ಬರವೇ?

ಎದುರುಮನೆಯ ಪುಟ್ಟೇಗೌಡರ ವರಾಂಡದಲ್ಲಿ ಸಭೆ ಸೇರಿತು. ಗೌಡರು ಹಿರೀಸಾವೆ ಕಡೆಯವರು, ಬಸ್ಸು ಓಡಿಸಿ ನಿವೃತ್ತರಾದವರು. "ಇವತ್ತು ಆಪೀಸು ಅಂತಾರೆ, ನಾಳೆ ನಮ್ ಗೇಟ್ ಮುಂದ್ಕೇ ಕಾರ್ ತಂದ್ ನಿಲ್ಲಿಸ್ತಾರೆ. ನಮ್ಮನೆಗೆ ನಾವೇ ಓಗಕ್ಕಾಗಕಿಲ್ಲ ಕಣ್ ಸಾ!" ಎಂದು ಗುಡುಗಿದರು. ನಾನು ಎದ್ದು ನಿಂತು, ಇದು ವಾಸದ ಬೀದಿ, ಇಲ್ಲಿ ವಾಸವಲ್ಲದೆ ಬೇರೇನೂ ಕೂಡದು ಎಂದು ಭಾಷಣ ಬಿಗಿದೆ. ಚಪ್ಪಾಳೆ ಬಿತ್ತು. ನನ್ನ ಹೆಂಡತಿ ಶಾರದೆ ಮಾತ್ರ ತಟ್ಟಲಿಲ್ಲ.

ಕೆಲವು ದಿನಗಳ ಮೇಲೆ ಸ್ಥಳ ನೋಡಲು ಅಧಿಕಾರಿಯೊಬ್ಬರು ಬಂದರು. ರಸ್ತೆಯಲ್ಲೇ ನಿಂತು ನೋಡಿಕೊಂಡು ಹೋಗುವ ಅವಸರದಲ್ಲಿದ್ದರು. ಆದರೆ ಗೇಟಿನವರೆಗೆ ಬಂದವರನ್ನು ಬಾಯಿ ಒಣಗಿಸಿ ಕಳಿಸುವ ಜನ ನಾವಲ್ಲ. "ಬನ್ನಿ ಸಾ, ಒಂದ್ ಲೋಟ ಕಾಪಿ ಕುಡ್ಕಂಡ್ ಓಗೀರಂತೆ" ಎಂದು ಗೌಡರು ಕೈ ಹಿಡಿದೇ ಒಳಗೆ ಕರೆದೊಯ್ದರು. ಒಳಗೆ ಸೊಸೆಯ ಇಡ್ಲಿಹಿಟ್ಟಿನ ಮಿಷನ್ನು ಗುರ್ರೆನ್ನುತ್ತಿತ್ತು, ಗಿರಾಕಿಗಳ ಡಬ್ಬಿಗಳು ಸಾಲಾಗಿ ಕೂತಿದ್ದವು. ಗೌಡರ ಮನೆಯಲ್ಲಿ ಕುಡಿದು ನಮ್ಮಲ್ಲಿ ಕುಡಿಯದಿದ್ದರೆ ಹೇಗೆ ಎಂದು ಆಚೆಮನೆಯವರು ಎಳೆದೊಯ್ದರು. ಅಲ್ಲಿ ನಡುಮನೆಯ ತುಂಬ ಮಾರಾಟದ ಸೀರೆಗಳು. ಅದರ ಪಕ್ಕದಲ್ಲಿ ಜಾತಕ ನೋಡುವವರ ಮನೆ. ಬೀದಿಯ ಮರ್ಯಾದೆಯಲ್ಲಿ ನಾನೇನು ಕಡಿಮೆ? ನಮ್ಮ ಮನೆಗೂ ಕರೆತಂದೆ. ಪಡಸಾಲೆಯಲ್ಲಿ ಶಾರದೆಯ ಮುಂದೆ ಸಾಲಾಗಿ ಕೂತ ಹುಡುಗಿಯರು ಸರಳೆವರಸೆ ಹಾಡುತ್ತಿದ್ದರು.

ಅಧಿಕಾರಿ ಲೋಟ ಕೆಳಗಿಟ್ಟರು. "ಸಾರ್, ವಾಸ ಬಿಟ್ಟು ಬೇರೇನೂ ಕೂಡದು ಅಂತ ಬರ್ದಿರೋರು ನೀವೇ ಅಲ್ವಾ?"

ಹೆಮ್ಮೆಯಿಂದಲೇ ಹೌದೆಂದೆ.

"ಹಂಗಾದ್ರೆ ಇದನ್ನೂ ನಿಲ್ಲಿಸ್ಬೇಕಾಗುತ್ತೆ."

ಹಾಡು ನಿಂತುಹೋಯಿತು. ಶಾರದೆ ರುದ್ರಪಟ್ಟಣದವಳು, ಸಂಗೀತದ ನಡುವೆಯೇ ಬೆಳೆದವಳು. ನನ್ನ ವರ್ಗಾವಣೆಗಳ ಹಿಂದೆ ಊರೂರು ಅಲೆಯುವಾಗ ಅವಳ ತಂಬೂರಿ ಗವಸಿನಿಂದ ಹೊರಬಂದದ್ದೇ ಕಡಿಮೆ. ಇಲ್ಲಿಗೆ ಬಂದು ಪಾಠ ಶುರುಮಾಡಿದ ಮೇಲೆಯೇ ಅವಳು ಅಡುಗೆಮನೆಯಲ್ಲಿ ತನ್ನಷ್ಟಕ್ಕೆ ಗುನುಗುವುದನ್ನು ನಾನು ಕೇಳಿದ್ದು. ಅದನ್ನು ನನ್ನ ಕೈಯಾರೆ ನಿಲ್ಲಿಸುತ್ತಿದ್ದೆನಲ್ಲ! ಅವಳು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಪುಸ್ತಕ ಮಡಿಸಿ ಹುಡುಗಿಯರನ್ನು ಮನೆಗೆ ಕಳಿಸಿದಳು.

ಅಧಿಕಾರಿ ಹೋದ ಮೇಲೆ ನಾನು ಹುಟ್ಟಿದ ಹೊಳೆನರಸೀಪುರದ ಬೀದಿ ನೆನಪಾಯಿತು. ಅಕ್ಕಸಾಲಿಗರು ಮನೆಯ ಜಗಲಿಯಲ್ಲೇ ತಿದಿ ಒತ್ತುತ್ತಿದ್ದರು. ದರ್ಜಿಯ ಮಿಷನ್ನಿನ ಪಕ್ಕದಲ್ಲೇ ಅವನ ಕೂಸಿನ ತೊಟ್ಟಿಲು ತೂಗುತ್ತಿತ್ತು. ಎಲ್ಲಿ ದುಡಿಯಬೇಕು, ಎಲ್ಲಿ ಮಲಗಬೇಕು ಎಂದು ಊರಿನ ನಕ್ಷೆಗೆ ಹಳದಿ, ನೀಲಿ ಬಣ್ಣ ಬಳಿಯುವ ವಿದ್ಯೆ ನಮ್ಮ ಹಿರಿಯರಿಗೆ ಗೊತ್ತಿರಲಿಲ್ಲ. ಭಾಷಣ ಮಾಡುವಾಗ ಇದೆಲ್ಲ ನನಗೇಕೆ ಹೊಳೆಯಲಿಲ್ಲವೋ! ಭಾಷಣ ಮಾಡುವಾಗ ನನಗೆ ಏನೂ ಹೊಳೆಯುವುದಿಲ್ಲ.

ಸಂಜೆಗೇ ಮತ್ತೆ ಸಭೆ. ಗೌಡರ ಗುಡುಗು ಇಳಿದಿತ್ತು. "ಅವ್ರಿಗೆ ಬ್ಯಾಡ ಅನ್ನಕೋದ್ರೆ ನಮ್ ಇಟ್ಟಿನ ಮಿಷನ್ನೂ ಓಯ್ತದೆ. ಆ ಅರ್ಜಿ ವಾಪಸ್ ತಗಳಿ ಅತ್ಲಾಗೆ!" ಆಫೀಸಿನವರು ಗಾಡಿಗಳನ್ನು ತಮ್ಮ ಕಾಂಪೌಂಡಿನ ಒಳಗೇ ನಿಲ್ಲಿಸಿಕೊಂಡರೆ ನಮ್ಮದೇನೂ ತಕರಾರಿಲ್ಲ ಎಂದು ಒಮ್ಮತವಾಯಿತು. ಮರುದಿನ ಕಚೇರಿಯಲ್ಲಿ ಅಧಿಕಾರಿಯ ಮುಂದೆ ನಿಂತು ಇಷ್ಟನ್ನು ತೊದಲಿ, ಹೆಂಡತಿಯ ಪಾಠದ ಗತಿಯೇನೆಂದು ಕೇಳಿದೆ. ಅವರು ನಕ್ಕುಬಿಟ್ಟರು. "ಮನೇಲಿರೋರು ಮನೇಲಿ ಪಾಠ ಹೇಳ್ಕೊಂಡ್ರೆ ಯಾರ್ ಬೇಡ ಅಂತಾರೆ ಸಾರ್? ನಿಮ್ಮ ಅರ್ಜಿ ಪ್ರಕಾರ ಹೋಗಿದ್ರೆ ಮಾತ್ರ ಕಷ್ಟ ಇತ್ತು." ಅಬ್ಬಾ, ಎದೆಯ ಮೇಲಿನ ಕಲ್ಲು ಇಳಿಯಿತು. ಆಟೋ ಕೂಡ ಹಿಡಿಯದೆ, ಕಂಡಕಂಡವರಿಗೆಲ್ಲ ನಮಸ್ಕಾರ ಹಾಕುತ್ತ ಮನೆಗೆ ನಡೆದೆ. ಸುದ್ದಿ ಕೇಳಿದ ಶಾರದೆ ತಂಬೂರಿಯ ತಂತಿ ಬಿಗಿಯುತ್ತ, "ಸದ್ಯ, ಬದುಕಿದೆ" ಎಂದಳು.

ಆಫೀಸು ತೆರೆಯುವ ಮುನ್ನಾದಿನ ಅದರ ಯಜಮಾನ, ಇನ್ನೂ ಮೀಸೆ ಬಲಿಯದ ಎಂಜಿನಿಯರು, ಚನ್ನರಾಯಪಟ್ಟಣದವನಂತೆ, ನಮ್ಮ ಬಾಗಿಲಿಗೆ ಬಂದ. "ನಮ್ಮಿಂದ ತೊಂದ್ರೆ ಆದ್ರೆ ಹೇಳ್ಬುಡಿ ಸಾ" ಎಂದು ಕೈಮುಗಿದ. ನಾನು ಗಂಭೀರನಾಗಿ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಒಳಗಿನಿಂದ ಶಾರದೆ, "ತೊಂದರೆ ನಮ್ಮಿಂದಲೇ ಕಣಪ್ಪಾ. ನಮ್ಮ ಹುಡುಗಿಯರಿಗೆ ಇನ್ನೂ ಶ್ರುತಿ ಕೂಡಿಲ್ಲ, ಸ್ವಲ್ಪ ಸಹಿಸ್ಕೋಬೇಕು" ಎಂದಳು.

ಎದುರು ಗೇಟಿಗೆ ಒರಗಿ ನಿಂತಿದ್ದ ಗೌಡರು ಕೂಗಿ ಹೇಳಿದರು: "ಏನೂ ಆಗಕಿಲ್ಲ ಬುಡಪ್ಪಾ, ರೂಢಿ ಆಯ್ತದೆ. ಮೇಷ್ಟ್ರು ಮದ್ಯಾನ ಗೊರಕೆ ಒಡೆಯೋದ್ನೇ ಇಡೀ ಬೀದಿ ಸಯಿಸ್ಕಂಡಿಲ್ವಾ!"

ಈ ನೆರೆಹೊರೆಯನ್ನು ಸಹಿಸಿಕೊಂಡು ಬಾಳುತ್ತಿರುವವನು ನಾನೊಬ್ಬನೇ ಎಂದು ಅಂದಿನವರೆಗೂ ತಿಳಿದುಕೊಂಡಿದ್ದೆ.