ಸೆಟ್ಲ್ ಮಾಡ್ಕೊಂಡು ಬನ್ನಿ

ಕೋವಿಡ್‌ನ ಎರಡನೆಯ ಅಲೆ ಇಳಿದ ಮರುವರ್ಷ ನಾನು ವಿಜಯನಗರದ ಒಂದು ಸರ್ಕಾರಿ ಬ್ಯಾಂಕಿನ ಶಾಖೆಯಲ್ಲಿ ಸಾಲ ವಿಭಾಗದ ಸೀನಿಯರ್ ಮ್ಯಾನೇಜರ್ ಆಗಿದ್ದೆ. ಸರ್ವಿಸ್ ಮೂವತ್ತು ವರ್ಷ ಆಗಿತ್ತು, ನಿವೃತ್ತಿಗೆ ನಾಲ್ಕು ವರ್ಷ ಬಾಕಿ ಇತ್ತು. ಮನೆ ಅಲ್ಲೇ ಆರ್‌ಪಿಸಿ ಲೇಔಟ್‌ನಲ್ಲಿ, ನಡೆದರೆ ಹತ್ತು ನಿಮಿಷ. ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಶಾಖೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಈಗ ಹೇಳಹೊರಟಿರುವ ಪ್ರಕರಣ ನೆನೆದರೆ ಇವತ್ತಿಗೂ ಬರುತ್ತದೆ, ಅದರಲ್ಲಿ ಅರ್ಧ ನನ್ನ ಮೇಲೆಯೇ.

ಆ ವರ್ಷ ಒಂದು ದಿನ ಜಯಲಕ್ಷ್ಮಿ ಎಂಬ ಹೆಂಗಸು ಪರ್ಸನಲ್ ಲೋನ್ ಕೇಳಿಕೊಂಡು ಬಂದರು. ಮಾರೇನಹಳ್ಳಿಯಲ್ಲಿ ಒಂದು ಚಿಕ್ಕ ಟೈಲರಿಂಗ್ ಅಂಗಡಿ, ಹೇರೋಹಳ್ಳಿಯಲ್ಲಿ ಬಾಡಿಗೆ ಮನೆ. ಗಂಡ ರಂಗಸ್ವಾಮಿ ಲೇಥ್ ಆಪರೇಟರ್. ಒಬ್ಬಳೇ ಮಗಳು ರಶ್ಮಿ, ಆಗಿನ್ನೂ ಒಂಬತ್ತನೇ ಕ್ಲಾಸು. ಲಾಕ್‌ಡೌನ್‌ನಲ್ಲಿ ಅಂಗಡಿ, ಕಾರ್ಖಾನೆ ಎರಡೂ ಮುಚ್ಚಿ, ಸಾಲದ ಮೇಲೆ ಸಾಲ ಏರಿತ್ತು. ಕ್ರೆಡಿಟ್ ಕಾರ್ಡ್ ಎಪ್ಪತ್ನಾಲ್ಕು ಸಾವಿರ, ಮೊಬೈಲ್ ಆ್ಯಪ್‌ಗಳಲ್ಲಿ ತೆಗೆದದ್ದು ಐವತ್ತೆಂಟು ಸಾವಿರ, ಮಹಿಳಾ ಸಂಘದ್ದು ನಲವತ್ತೈದು ಸಾವಿರ, ನಾಲ್ಕು ಬಳೆ ಅಡವಿಟ್ಟದ್ದು ಒಂದು ಲಕ್ಷದ ಇಪ್ಪತ್ತು ಸಾವಿರ. ಒಟ್ಟು ಎರಡು ಲಕ್ಷದ ತೊಂಬತ್ತೇಳು ಸಾವಿರ. ನಾವು ಮೂರು ಲಕ್ಷ ಕೊಟ್ಟರೆ ಎಲ್ಲವನ್ನೂ ಒಂದೇ ಸಲ ತೀರಿಸಿ ನಮಗೊಬ್ಬರಿಗೇ ಕಂತು ಕಟ್ಟುತ್ತೇನೆ ಅನ್ನುವುದು ಆಕೆಯ ಲೆಕ್ಕ.

ಲೆಕ್ಕವೇನೋ ಸರಿ. ಆದರೆ ಕಂತು ಕಟ್ಟುವಷ್ಟು ಆದಾಯದ ದಾಖಲೆ ಇರಲಿಲ್ಲ. ನಾನು ಫೈಲು ಮುಚ್ಚಿ, ಆ ದಿನ ಇನ್ನೂ ಹತ್ತು ಜನರಿಗೆ ಹೇಳಿದ ಮಾತನ್ನೇ ಆಕೆಗೂ ಹೇಳಿದೆ: “ಮೊದಲು ಇರೋ ಸಾಲನೆಲ್ಲ ಸೆಟ್ಲ್ ಮಾಡ್ಕೊಂಡು ಬನ್ನಿ. ಮಗಳು ಓದೋ ಟೈಮಿಗೆ ಎಜುಕೇಷನ್ ಲೋನ್ ನಾನೇ ಮಾಡಿಸಿಕೊಡ್ತೀನಿ.” ಆಕೆ ತಲೆಯಾಡಿಸಿ ಹೋದರು. ನಾನು ಮರೆತುಬಿಟ್ಟೆ.

ಆಮೇಲೆ ಮೂರು ವರ್ಷ ಆಕೆ ಮಾಡಿದ್ದೇನು ಎಂದು ನನಗೆ ತಿಳಿದದ್ದು ತಡವಾಗಿ. ಅಂಗಡಿಯ ಅಳತೆ ಪುಸ್ತಕದ ಹಿಂದಿನ ಪುಟಗಳಲ್ಲಿ, ಗಿರಾಕಿಯ ಹೆಸರಿರಬೇಕಾದ ಕಡೆ ಸಾಲ ಕೊಟ್ಟವರ ಹೆಸರು ಬರೆದರು. ಎದೆ, ಸೊಂಟ, ತೋಳು ಎಂದು ಅಚ್ಚಾಗಿದ್ದ ಕಾಲಂಗಳಲ್ಲಿ ಅಸಲು, ಬಡ್ಡಿ, ಕಂತು ತುಂಬಿದರು. ಯಾರ ಬಡ್ಡಿ ಜಾಸ್ತಿಯೋ ಅವರು ಮೊದಲು ಎಂದು ಆ್ಯಪ್‌ಗಳಿಂದ ಶುರು ಮಾಡಿದರು. ಒಂದು ಆ್ಯಪಿನವರು ಆಕೆಯ ಫೋನಿನಲ್ಲಿದ್ದ ಗಿರಾಕಿಗಳಿಗೆಲ್ಲ ಫೋನ್ ಮಾಡಿ ‘ಈಕೆ ಮೋಸಗಾತಿ, ನಿಮ್ಮ ಬ್ಲೌಸ್ ಪೀಸ್ ವಾಪಸ್ ತಗೊಳ್ಳಿ’ ಅಂದರಂತೆ. ಆಕೆ ಗಿರಾಕಿಗಳಿಗೆ ತಾವೇ ಎದುರು ನಿಂತು ‘ಹೌದು, ಸಾಲ ಇದೆ, ತೀರಿಸ್ತಾ ಇದೀನಿ’ ಎಂದರು. ಬಾಯಿಬಿಟ್ಟು ಹೇಳಿದ ದಿನದಿಂದ ಹೆದರಿಸುವವರ ಫೋನಿಗೆ ಕಿಮ್ಮತ್ತು ಹೋಯಿತು.

ಬಳೆಗಳದ್ದು ಇನ್ನೊಂದು ಕಥೆ. ನಮ್ಮ ಮನೆಗಳಲ್ಲಿ ಒಡವೆ ಅಡವಿಡುವುದಕ್ಕೆ ನಾಚಿಕೆ ಇಲ್ಲ, ಮಾರುವುದಕ್ಕೆ ಇದೆ. ಅಡವಿಟ್ಟದ್ದು ಯಾರಿಗೂ ಕಾಣುವುದಿಲ್ಲ, ಮಾರಿದರೆ ಮರ್ಯಾದೆ ಹೋಯಿತು ಎಂದುಕೊಂಡು ವರ್ಷ ವರ್ಷ ಬಡ್ಡಿ ಕಟ್ಟಿ ರಿನ್ಯೂ ಮಾಡಿಸುವ ನೂರಾರು ಜನರನ್ನು ಕೌಂಟರಿನಲ್ಲಿ ನೋಡಿದ್ದೇನೆ. ಜಯಲಕ್ಷ್ಮಿ ಎರಡು ಬಳೆ ಮಾರಿ ಇನ್ನೆರಡನ್ನು ಬಿಡಿಸಿಕೊಂಡರು. ಅತ್ತೆ ಆರು ತಿಂಗಳು ಮಾತು ಬಿಟ್ಟರು. ಶಾಲೆಯೊಂದರ ಯೂನಿಫಾರಂ ಆರ್ಡರ್ ಹಿಡಿದು ಸಂಘದ ಸಾಲವನ್ನೂ ತೀರಿಸಿದರು.

ಉಳಿದದ್ದು ಕ್ರೆಡಿಟ್ ಕಾರ್ಡ್. ಬಿಲ್ಲಿನ ಮೇಲೆ ‘ಮಿನಿಮಮ್ ಡ್ಯೂ’ ಎಂದು ದಪ್ಪಕ್ಷರದಲ್ಲಿ ಇರುತ್ತದಲ್ಲ, ಅದನ್ನೇ ಆ ತಿಂಗಳ ಕಂತು ಎಂದು ತಿಳಿದು ಕಟ್ಟುತ್ತಿದ್ದರು. ಮೂರು ಸಾವಿರದ ಏಳುನೂರು ಕಟ್ಟಿದರೆ ಮೂರು ಸಾವಿರ ಬಡ್ಡಿಗೇ ಹೋಗುತ್ತಿತ್ತು. ಹಾಗೆ ತಿಳಿಯಲಿ ಎಂದೇ ಅದನ್ನು ಹಾಗೆ ಬರೆಯುತ್ತಾರೆ. ನಡುವೆ ರಂಗಸ್ವಾಮಿಯವರ ಬೆರಳು ಮೆಷೀನಿಗೆ ಸಿಕ್ಕಿ ತಿಂಗಳುಗಟ್ಟಲೆ ಕೆಲಸ ತಪ್ಪಿದಾಗ ಅದೂ ನಿಂತು, ಬಾಕಿ ಒಂದು ಲಕ್ಷದ ಹನ್ನೆರಡು ಸಾವಿರಕ್ಕೆ ಏರಿತು. ಮೂರನೆಯ ವರ್ಷದ ಕೊನೆಗೆ ಆ ಒಂದು ಲಕ್ಷದ ಹನ್ನೆರಡು ಸಾವಿರವನ್ನು ಪೂರ್ತಿ ಕೂಡಿಟ್ಟರು. ಇದನ್ನು ಓದುವವರು ಚೆನ್ನಾಗಿ ನೆನಪಿಟ್ಟುಕೊಳ್ಳಬೇಕು. ಆಕೆಯ ಕೈಯಲ್ಲಿ ಪೂರ್ತಿ ದುಡ್ಡು ಇತ್ತು.

ಅದಾದ ಎರಡು ತಿಂಗಳಿಗೆ, ಪಿಯುಸಿ ಫಲಿತಾಂಶ ಬಂದ ಮೇಲೆ, ಜಯಲಕ್ಷ್ಮಿ ಮಗಳನ್ನು ಕರೆದುಕೊಂಡು ನನ್ನ ಟೇಬಲಿಗೆ ಬಂದರು. ರಶ್ಮಿಗೆ ಬಿ.ಎಸ್ಸಿ. ನರ್ಸಿಂಗ್ ಸೀಟು ಸಿಕ್ಕಿತ್ತು. ನಾಲ್ಕು ವರ್ಷಕ್ಕೆ ಮೂರು ಲಕ್ಷದ ಅರವತ್ತು ಸಾವಿರ, ಮೊದಲ ವರ್ಷದ ತೊಂಬತ್ತು ಸಾವಿರವನ್ನು ಇಪ್ಪತ್ತು ದಿನದೊಳಗೆ ಕಟ್ಟಬೇಕು. ಆಕೆ ಮೈಸೂರ್‌ಪಾಕ್ ಡಬ್ಬಿ ಟೇಬಲ್ ಮೇಲಿಟ್ಟು ಹೇಳಿದರು: “ಎಲ್ಲಾ ಸೆಟ್ಲ್ ಮಾಡ್ಕೊಂಡು ಬಂದಿದೀನಿ ಮೇಡಂ.”

ಎಜುಕೇಷನ್ ಲೋನ್‌ಗೆ ತಂದೆ ಅಥವಾ ತಾಯಿ ಸಹಸಾಲಗಾರರಾಗಬೇಕು. ರಂಗಸ್ವಾಮಿಯವರಿಗೆ ಅಷ್ಟು ದಿನ ಸಂಬಳವೇ ಇರಲಿಲ್ಲವಾದ್ದರಿಂದ ತಾಯಿಯ ಹೆಸರು ಹಾಕಿ ಕ್ರೆಡಿಟ್ ರಿಪೋರ್ಟ್ ತೆಗೆಸಿದೆ. ಒಬ್ಬರು ಯಾರ್ಯಾರ ಹತ್ತಿರ ಎಷ್ಟು ಸಾಲ ಪಡೆದರು, ಹೇಗೆ ತೀರಿಸಿದರು ಎಂಬ ಪೂರ್ತಿ ಜಾತಕ ಅದರಲ್ಲಿ ಇರುತ್ತದೆ. ಆ್ಯಪ್ ಸಾಲ ‘ಕ್ಲೋಸ್ಡ್’, ಸಂಘದ ಸಾಲ ‘ಕ್ಲೋಸ್ಡ್’, ಒಡವೆ ಸಾಲ ‘ಕ್ಲೋಸ್ಡ್’. ಕ್ರೆಡಿಟ್ ಕಾರ್ಡಿನ ಮುಂದೆ ಮಾತ್ರ ‘ಸೆಟ್ಲ್ಡ್’.

ನಾವು ಮಾತಿನಲ್ಲಿ ಸೆಟ್ಲ್ ಮಾಡಿದೆ ಅಂದರೆ ಪೂರ್ತಿ ಚುಕ್ತಾ ಮಾಡಿದೆ ಎಂದು ಅರ್ಥ. ಹುಡುಗ ಸೆಟ್ಲ್ ಆದ ಅಂದರೆ ಒಂದು ನೆಲೆ ಸಿಕ್ಕಿತು ಎಂದು. ಬ್ಯಾಂಕಿನ ಕಾಗದದಲ್ಲಿ ಆ ಪದದ ಅರ್ಥವೇ ಬೇರೆ. ಸಾಲಗಾರ ಪೂರ್ತಿ ಕೊಡಲಿಲ್ಲ, ಸಿಕ್ಕಷ್ಟು ತೆಗೆದುಕೊಂಡು ಉಳಿದದ್ದನ್ನು ಕೈಬಿಟ್ಟೆವು ಎಂದು. ಅದು ವರ್ಷಗಳ ಕಾಲ ಅಳಿಸದ ಕಪ್ಪುಚುಕ್ಕೆ. ನಮ್ಮ ಕಂಪ್ಯೂಟರ್ ಆ ಪದ ಕಂಡ ಕೂಡಲೇ ಅರ್ಜಿಯನ್ನು ತಿರಸ್ಕರಿಸಿತು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. “ಏನ್ರೀ ಇದು, ಯಾರ್ರೀ ನಿಮಗೆ ಸೆಟ್ಲ್‌ಮೆಂಟ್ ಮಾಡ್ಕೊಳೋಕೆ ಹೇಳಿದ್ದು?” ಎಂದು ಕೂಗಾಡಿದೆ. ಪಕ್ಕದ ಕೌಂಟರಿನವರು ತಿರುಗಿ ನೋಡಿದರು.

“ನೀವೇ ಹೇಳಿದ್ದು ಮೇಡಂ,” ಎಂದರು ಜಯಲಕ್ಷ್ಮಿ.

ಆಮೇಲೆ ನಡೆದದ್ದನ್ನು ಹೇಳಿದರು. ಕಾರ್ಡಿನ ವಸೂಲಿ ಏಜೆಂಟ್ ಅಂಗಡಿಗೆ ಬಂದಾಗ ಪೂರ್ತಿ ಕಟ್ಟುತ್ತೇನೆ ಎಂದೇ ಹೇಳಿದ್ದರಂತೆ. ಅವನಿಗೆ ತಿಂಗಳ ಕೊನೆಯ ಟಾರ್ಗೆಟ್ ಇತ್ತೋ, ಸೆಟ್ಲ್‌ಮೆಂಟ್‌ಗೇ ಬೇರೆ ಕಮಿಷನ್ ಇತ್ತೋ ಗೊತ್ತಿಲ್ಲ. “ಯಾಕಮ್ಮ, ದುಡ್ಡು ಜಾಸ್ತಿ ಆಗಿದ್ಯಾ? ಅರವತ್ತೈದು ಕಟ್ಟಿ, ಸೆಟ್ಲ್ ಮಾಡ್ಕೊಡ್ತೀನಿ, ಲೆಟರೂ ಕೊಡಿಸ್ತೀನಿ” ಅಂದ. ಆಕೆಗೆ ಅನುಮಾನ ಬಂದಿತ್ತು. ಆದರೆ ‘ಸೆಟ್ಲ್’ ಎಂಬ ಪದ ಕಿವಿಗೆ ಬಿದ್ದ ಕೂಡಲೇ ಅನುಮಾನ ಹೋಯಿತು. ಬ್ಯಾಂಕಿನ ಮೇಡಂ ಹೇಳಿದ್ದೂ ಅದೇ ಪದ ತಾನೆ. ಅರವತ್ತೈದು ಸಾವಿರ ಕಟ್ಟಿ, ಉಳಿದ ನಲವತ್ತೇಳು ಸಾವಿರವನ್ನು ಮಗಳ ಪುಸ್ತಕ, ಹಾಸ್ಟೆಲ್ ಖರ್ಚಿಗೆಂದು ನಮ್ಮದೇ ಶಾಖೆಯಲ್ಲಿ ಡೆಪಾಸಿಟ್ ಮಾಡಿದ್ದರು. ಆ ರಸೀದಿಯೂ ಫೈಲಿನಲ್ಲಿತ್ತು.

ನನ್ನ ಮುಖ ಎಲ್ಲಿಡಲಿ ಎಂದು ತಿಳಿಯಲಿಲ್ಲ. ಹುಡುಗಿ ಮಾತ್ರ ಅಮ್ಮನ ಮುಖ, ನನ್ನ ಮುಖ ನೋಡುತ್ತಿದ್ದಳು.

ದಾರಿ ಒಂದೇ ಇತ್ತು. ಕೈಬಿಟ್ಟ ನಲವತ್ತೇಳು ಸಾವಿರವನ್ನೂ ಕಟ್ಟಿ, ಬಾಕಿ ಇಲ್ಲವೆಂದು ಪತ್ರ ಪಡೆದು, ರಿಪೋರ್ಟಿನಲ್ಲಿ ‘ಕ್ಲೋಸ್ಡ್’ ಎಂದು ತಿದ್ದಿಸುವುದು. ಮಾರನೇ ದಿನ ರಜೆ ಹಾಕಿ ಜಯಲಕ್ಷ್ಮಿಯವರನ್ನು ಕರೆದುಕೊಂಡು ರಾಜಾಜಿನಗರದಲ್ಲಿದ್ದ ಆ ಕಾರ್ಡ್ ಕಂಪನಿಯ ಕಚೇರಿಗೆ ಹೋದೆ. ಟೈ ಕಟ್ಟಿದ್ದ ಹುಡುಗನೊಬ್ಬ ಕಂಪ್ಯೂಟರ್ ನೋಡಿ ಹೇಳಿದ: “ಅಕೌಂಟ್ ಜೀರೋ ತೋರಿಸ್ತಿದೆ ಆಂಟಿ. ಜೀರೋ ಮೇಲೆ ದುಡ್ಡು ಹೇಗ್ ತಗೊಳ್ಳೋದು?”

ದುಡ್ಡು ಕೊಡಿ ಎಂದು ಆಕೆಯ ಅಂಗಡಿ ಬಾಗಿಲಲ್ಲಿ ಬಂದು ನಿಂತವರು ಇವರೇ. ಈಗ ಆಕೆಯೇ ದುಡ್ಡು ಹಿಡಿದು ಬಂದರೆ ಬೇಡವಂತೆ. ಅಲ್ಲಿ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಸೆಕ್ಯುರಿಟಿಯವನು ಬಂದು ಹೊರಗೆ ಕೂರಲು ಹೇಳಿದ. ಹೊರಗೆ ಕೂತೇ ಮೊದಲ ಇಮೇಲ್ ಬರೆದೆ. ಮುಂದಿನ ಎರಡು ವಾರದಲ್ಲಿ ಒಂಬತ್ತು ಇಮೇಲ್, ಅವರ ಮೇಲಧಿಕಾರಿಗೆ ಎರಡು ರಿಜಿಸ್ಟರ್ಡ್ ಪತ್ರ, ತಿಂಗಳಾದರೂ ಉತ್ತರ ಬಾರದಾಗ ಬ್ಯಾಂಕಿಂಗ್ ಒಂಬುಡ್ಸ್‌ಮನ್‌ಗೆ ದೂರು. ಬ್ಯಾಂಕುಗಳ ಮೇಲೆ ಗ್ರಾಹಕರು ದೂರು ಕೊಡುವ ಜಾಗ ಅದು. ಬ್ಯಾಂಕಿನವಳೇ ಕೂತು ಗ್ರಾಹಕರ ಪರ ದೂರು ಟೈಪ್ ಮಾಡಿದೆ.

ಇತ್ತ ನಮ್ಮ ರೀಜನಲ್ ಆಫೀಸಿಗೆ ಡೀವಿಯೇಷನ್ ಕೇಳಿ ಬರೆದೆ, ಎಂದರೆ ನಿಯಮದಿಂದ ವಿನಾಯಿತಿ. ಎರಡು ಪುಟದ ಟಿಪ್ಪಣಿ. ಅರ್ಜಿದಾರರು ಪೂರ್ತಿ ಹಣ ಹೊಂದಿದ್ದರು, ತಪ್ಪು ನಮ್ಮ ಮಾತಿನಿಂದ ಆಗಿದೆ ಎಂದೂ ಬರೆದಿದ್ದೆ. ಐದನೆಯ ದಿನ ಒಂದು ಸಾಲಿನ ಉತ್ತರ ಬಂತು, ಶಿಫಾರಸು ಮಾಡಲಾಗುವುದಿಲ್ಲ ಎಂದು. ಫೋನ್ ಮಾಡಿದರೆ ಆ ಅಧಿಕಾರಿ “ಇಷ್ಟೊಂದು ಪರ್ಸನಲ್ ಆಗಿ ಯಾಕೆ ತಗೋತೀರಿ ಮೇಡಂ” ಅಂದರು. ಕೋಟಿಗಟ್ಟಲೆ ಮುಳುಗಿಸಿದವರ ಫೈಲುಗಳಿಗೆ ಅದೇ ಆಫೀಸಿನಲ್ಲಿ ಎಷ್ಟು ವಿನಾಯಿತಿ ಸಿಕ್ಕಿದೆ ಎಂದು ನನಗೆ ಗೊತ್ತಿತ್ತು. ಅದನ್ನೂ ಹೇಳಿಯೇ ಫೋನ್ ಇಟ್ಟೆ.

ಫೀಸಿನ ಕೊನೆಯ ದಿನಕ್ಕೆ ಮೂರು ದಿನ ಇದ್ದಾಗ ಮಾರೇನಹಳ್ಳಿಯ ಅಂಗಡಿಗೆ ಹೋದೆ. ತೊಂಬತ್ತು ಸಾವಿರ ನಾನೇ ಕೊಡುತ್ತೇನೆ, ಲೋನ್ ಆದಾಗ ವಾಪಸ್ ಕೊಡಿ ಎಂದೆ. ಜಯಲಕ್ಷ್ಮಿ ಮೆಷೀನ್ ನಿಲ್ಲಿಸಲಿಲ್ಲ.

“ಬೇಡ ಮೇಡಂ. ಲೋನ್ ಆಗ್ಲಿಲ್ಲ ಅಂದ್ರೆ? ಕೈಸಾಲ ತಗೊಳಲ್ಲ ಅಂತ ಮಗಳ ಮುಂದೆ ಆಣೆ ಮಾಡಿದೀನಿ. ಅವಳಿಗೋಸ್ಕರ ಅಂತ ಅದನ್ನೇ ಮುರಿದ್ರೆ ಅವಳು ಏನ್ ಕಲೀತಾಳೆ?”

ಸೀಟು ಹೋಯಿತು. ಕಾರ್ಡ್ ಕಂಪನಿ ನಲವತ್ತೇಳು ಸಾವಿರ ತೆಗೆದುಕೊಂಡು, ಪತ್ರ ಕೊಟ್ಟು, ರಿಪೋರ್ಟ್ ತಿದ್ದುವ ಹೊತ್ತಿಗೆ ಐವತ್ತೆರಡು ದಿನ ಆಗಿತ್ತು. ತಡವಾದದ್ದಕ್ಕೆ ವಿಷಾದ ಎಂದು ಅಚ್ಚಾದ ಒಂದು ಸಾಲು ಆ ಪತ್ರದ ಕೊನೆಗೆ ಇತ್ತು. ರಶ್ಮಿ ಒಂದು ವರ್ಷ ಬಸವೇಶ್ವರನಗರದ ಕ್ಲಿನಿಕ್ ಒಂದರಲ್ಲಿ ಟೋಕನ್ ಕೊಡುವ ಕೆಲಸ ಮಾಡಿದಳು. ಹದಿನೆಂಟು ವರ್ಷದ ಹುಡುಗಿಯ ಒಂದು ವರ್ಷವನ್ನು ತಿಂದದ್ದು ಒಂದು ಇಂಗ್ಲಿಷ್ ಪದ. ಅದನ್ನು ಬಾಯಿ ತುಂಬ ಆಡಿದವಳು ನಾನು.

ಮರುವರ್ಷ ಅವಳಿಗೆ ಕೆಂಗೇರಿಯ ಕಡೆಯ ಕಾಲೇಜೊಂದರಲ್ಲಿ ಸೀಟು ಸಿಕ್ಕಿತು. ಫೀಸು ಮೂವತ್ತು ಸಾವಿರ ಜಾಸ್ತಿಯಾಗಿ ಮೂರು ಲಕ್ಷದ ತೊಂಬತ್ತು ಸಾವಿರ ಆಗಿತ್ತು. ಈ ಸಲ ರಿಪೋರ್ಟಿನಲ್ಲಿ ಎಲ್ಲ ಸಾಲಿನಲ್ಲೂ ‘ಕ್ಲೋಸ್ಡ್’. ನನ್ನ ಸರ್ವಿಸಿನ ಕೊನೆಯ ತಿಂಗಳಲ್ಲಿ ನಾನೇ ಮಂಜೂರು ಮಾಡಿದೆ. ಸಹಿ ಹಾಕಿಸುವ ದಿನ ತಾಯಿ ಮಗಳು ಇಬ್ಬರೂ ಬಂದರು. ಓದು ಮುಗಿದು ಒಂದು ವರ್ಷದ ಮೇಲೆ ಕಂತು ಶುರುವಾಗುತ್ತದೆ, ಅಲ್ಲಿಯವರೆಗೆ ಬಡ್ಡಿ ಮಾತ್ರ ಕಟ್ಟುತ್ತಾ ಬಂದರೆ ಒಳ್ಳೆಯದು ಎಂದು ನಾನು ವಿವರಿಸತೊಡಗಿದೆ.

ಜಯಲಕ್ಷ್ಮಿ ಬ್ಯಾಗಿನಿಂದ ಅಳತೆ ಪುಸ್ತಕ ತೆಗೆದು, ಖಾಲಿ ಪುಟ ತೆರೆದು ನನ್ನ ಕಡೆ ತಳ್ಳಿದರು. ಮುಖದಲ್ಲಿ ಕೋಪವೇನೂ ಇರಲಿಲ್ಲ.

“ಬಾಯಲ್ಲಿ ಬೇಡ ಮೇಡಂ. ಕನ್ನಡದಲ್ಲಿ ಬರ್ದು, ಕೆಳಗೆ ಸೈನ್ ಹಾಕ್ಕೊಡಿ.”

ಮೂವತ್ತನಾಲ್ಕು ವರ್ಷ ಸಾಲ ಕೊಟ್ಟ ನನಗೆ ಕೆಲಸ ಕಲಿಸಿದ ಪಾಠ ಇಷ್ಟೇ. ಸಾಲದಿಂದ ಹೊರಗೆ ಬರುವವರು ನಮ್ಮ ಪ್ರತಿ ಮಾತನ್ನೂ ನಂಬಿಕೊಂಡು ಬರುತ್ತಾರೆ, ಆದ್ದರಿಂದ ಅವರಿಗೆ ಹೇಳುವ ಮಾತಿಗೆ ನಾವೂ ಸಹಿ ಹಾಕುವ ಹಾಗಿರಬೇಕು. ನಾನು ಪೆನ್ನು ತೆಗೆದು, ಎಷ್ಟು, ಯಾವಾಗ, ಯಾರಿಗೆ ಎಂದು ಒಂದೂ ಇಂಗ್ಲಿಷ್ ಪದ ಬಳಸದೆ ಬರೆದೆ. ಅರ್ಧ ಗಂಟೆ ಹಿಡಿಯಿತು. ಬರೆದದ್ದನ್ನು ರಶ್ಮಿ ಅಮ್ಮನಿಗೆ ಗಟ್ಟಿಯಾಗಿ ಎರಡು ಸಲ ಓದಿ ಹೇಳಿದಳು, ಆಮೇಲೆ ನಾನು ಸೈನ್ ಹಾಕಿದೆ.