ಹಿಟ್ಟಿನ ಡಬ್ಬದ ಮೇಲಿಟ್ಟ ಪುಸ್ತಕ

ತಮಿಳುನಾಡಿಗೆ ಸೇರಿದ ತಾಳವಾಡಿಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿರುವ ಹಿಟ್ಟಿನ ಮಿಲ್ಲಿಗೆ ಹೆಸರಿನ ಹಲಗೆ ಇಲ್ಲ. ರಾಗಿ ಬೀಸುವ ಸದ್ದೇ ಅದರ ವಿಳಾಸ. ಒಳಗೆ ಎರಡು ಯಂತ್ರ, ಒಂದು ತಕ್ಕಡಿ, ಮತ್ತು ಹಿಟ್ಟು ಕೂರದಿರಲೆಂದು ಹಳೆಯ ಲುಂಗಿಯ ತೆರೆ ಕಟ್ಟಿದ ಒಂದು ಕಪಾಟು. ಲುಂಗಿ ಸರಿಸಿದರೆ ಕಾಣುವುದು ಹದಿಹರೆಯದವರಿಗಾಗಿ ಈಚೆಗೆ ಬರುತ್ತಿರುವ ಕಾದಂಬರಿಗಳು ಮಾತ್ರ. ಪರೀಕ್ಷೆಯಲ್ಲಿ ಫೇಲಾಗಿ ಮನೆಯಲ್ಲಿ ಹೇಳದ ಹುಡುಗ, ಪ್ರಾಣದ ಗೆಳತಿಯೊಂದಿಗೆ ಮಾತು ಬಿಟ್ಟ ಹುಡುಗಿ, ಇಂಥವರ ಕತೆಗಳು. ಇವನ್ನೆಲ್ಲ ಕೊಂಡು ಓದುವವರು ಮಿಲ್ಲಿನ ಮಾಲೀಕ ವೃಷಭೇಂದ್ರ. ವಯಸ್ಸು ಐವತ್ತಾರು. ಊರಿನವರಿಗೆ ಇಂದ್ರಣ್ಣ. ಒಬ್ಬ ಮೊಮ್ಮಗನಿದ್ದಾನೆ, ಇನ್ನೂ ತೊಟ್ಟಿಲಲ್ಲಿ.

"ಅವ್ನು ಬೆಳುದು ಓದೋಗಂಟ ಮನೇಲಿ ಹದಿನಾರು ವರ್ಸದವ್ನು ನಾನೇ," ಎನ್ನುತ್ತಾರೆ, ಹಿಟ್ಟು ಮೆತ್ತಿದ ಹುಬ್ಬು ಎತ್ತಿ.

ಈ ಹುಚ್ಚು ಹಿಡಿದದ್ದು ಬಸ್ಸಿನಲ್ಲಿ. ಯಂತ್ರಕ್ಕೆ ಜರಡಿ ತರಲೆಂದು ಚಾಮರಾಜನಗರಕ್ಕೆ ಹೋದವರು, ಬಸ್ಸಿಗೆ ಕಾಯುತ್ತ ಪುಸ್ತಕದ ಅಂಗಡಿಯೊಂದರಲ್ಲಿ ತೆಳ್ಳಗಿದೆ ಎಂಬ ಒಂದೇ ಕಾರಣಕ್ಕೆ ಒಂದು ಕಾದಂಬರಿ ತೆಗೆದುಕೊಂಡರು. ದಾರಿಯಲ್ಲಿ ಓದುತ್ತ ಅಳತೊಡಗಿದರು. ಪಕ್ಕದಲ್ಲಿ ಕೂತಿದ್ದ ಹೆಂಗಸು, ಯಾರು ಹೋದರು ಎಂದು ಕೇಳಿದರು. ಕಾದಂಬರಿಯ ಹಾಸ್ಟೆಲ್ ಹುಡುಗನ ನಾಯಿ ಎನ್ನಲು ನಾಚಿಕೆಯಾಗಿ ದೊಡ್ಡಪ್ಪ ಎಂದುಬಿಟ್ಟರು. ದೊಡ್ಡಪ್ಪ ಆಗ ಊರಿನಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದರು.

"ದೊಡ್ಡವರ ಕಾದಂಬ್ರಿಲಿ ಕಡೇ ಪುಟದಲ್ಲಿ ಯಾರಾರ ಸಾಯ್ತರ, ಇಲ್ಲಾಂದ್ರ ಗ್ಯಾನ ಬತ್ತದ. ಇದ್ರಲ್ಲಿ ಎಷ್ಟೇ ಅತ್ರೂ ಬೆಳಗಾದ್ರ ಸ್ಕೂಲ್ಗ ಓಗ್ಲೇಬೇಕು. ಅದೇ ನಂಗ ಇಷ್ಟ," ಎನ್ನುವುದು ಅವರ ವಿಮರ್ಶೆ. ಪಾತ್ರಗಳು ಯಾರ ಬುದ್ಧಿಮಾತನ್ನೂ ಕೇಳುವುದಿಲ್ಲ, ತಪ್ಪು ಮಾಡಿದ ಮೇಲೂ ಪೂರ್ತಿ ಒಪ್ಪುವುದಿಲ್ಲ ಎಂಬುದು ಇನ್ನೊಂದು ಆಕರ್ಷಣೆ. ತಮ್ಮ ಸ್ವಭಾವವೂ ಇದೇ ಎಂದು ಹೆಂಡತಿ ಹೇಳುತ್ತಾರೆಂದು ಅವರೇ ತಿಳಿಸುತ್ತಾರೆ.

ಓದಿ ಸುಮ್ಮನಿದ್ದಿದ್ದರೆ ತೊಂದರೆ ಇರಲಿಲ್ಲ. ಓದಿದ್ದನ್ನು ಬೇರೆಯವರಿಗೂ ಓದಿಸಬೇಕು ಎನಿಸಿತು. ಅದಕ್ಕೆ ಮಿಲ್ಲಿನ ಪದ್ಧತಿಯೇ ಒದಗಿತು. ರಾಗಿ ತಂದವರು ಡಬ್ಬವನ್ನು ಸಾಲಿನಲ್ಲಿಟ್ಟು ಸಂತೆಗೋ ಆಸ್ಪತ್ರೆಗೋ ಹೋಗುತ್ತಾರೆ. ಅವರ ಬದಲು ಡಬ್ಬ ಸರದಿ ಕಾಯುತ್ತದೆ. ಬೀಸಿದ ಹಿಟ್ಟು ತುಂಬಿಕೊಂಡು ಗೋಡೆ ಬದಿಗೆ ಸರಿಯುತ್ತದೆ. ಯಾವುದು ಯಾರ ಡಬ್ಬ ಎಂದು ಎಲ್ಲರಿಗೂ ಗೊತ್ತು. ವೃಷಭೇಂದ್ರ ತಾವು ಆರಿಸಿದ ಪುಸ್ತಕವನ್ನು ಆ ಮುಚ್ಚಳದ ಮೇಲೆ ಇಡತೊಡಗಿದರು. ಮುಂದಿನ ಸಲ ರಾಗಿ ತರುವಾಗ ಓದಿ ವಾಪಸ್ಸು ಕೊಡಬೇಕು.

"ಸುಮ್ನ ಯಾರ್ಗೂ ಕೊಡಕಿಲ್ಲ. ಮೊಕ ನೋಡ್ದೇಟ್ಗೇ ಮನೇಲಿ ಏನ್ ನೋವದ ಅಂತ ಗೊತ್ತಾಗ್ಬುಡ್ತದ. ಆ ನೋವ್ಗ ತಕ್ಕ ಬುಕ್ಕು ಮಡುಗ್ತೀನಿ," ಎಂದು ಅವರು ಹೇಳಿಕೊಂಡರು. ಜನ ನಂಬಿದರು. ಸಿದ್ದಯ್ಯನವರ ಮಗ ಹಾಸ್ಟೆಲ್ ಬಿಟ್ಟು ಓಡಿಬಂದ ವಾರವೇ ಅವರ ಡಬ್ಬದ ಮೇಲೆ ಓಡಿಬಂದ ಹುಡುಗನ ಕತೆ ಇತ್ತು. ಪುಟ್ಟನಂಜಮ್ಮ ಅತ್ತೆಯ ಜೊತೆ ಜಗಳವಾಡಿ ಬಂದ ದಿನ ಸಿಕ್ಕ ಕಾದಂಬರಿಯಲ್ಲಿ ಅತ್ತೆಯಂಥದೇ ಒಬ್ಬಾಕೆ ಸಾರಿನ ಪಾತ್ರೆಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದಳು. ಹತ್ತಿರದ ತಿಗನಾರೆಯಲ್ಲಿ ಬೇಸಾಯ ಮಾಡಿಕೊಂಡಿರುವ ವೃಷಭೇಂದ್ರರ ಅಣ್ಣ ನಂಜಪ್ಪನವರಂತೂ ತಮಗೆ ಬಂದ ಪುಸ್ತಕ ಓದಿ ಒಂದೆರಡು ದಿನ ಯಾರೊಂದಿಗೂ ಮಾತಾಡಲಿಲ್ಲ. ಚಿಕ್ಕಂದಿನಲ್ಲಿ ಮಠದಲ್ಲಿದ್ದು ಓದಿದವರು ಅವರು. ಮಗನನ್ನು ನೋಡಲು ಬಂದ ತಾಯಿ ಗೇಟಿನಿಂದಲೇ ಹಿಂದಿರುಗುವ ಪುಟವನ್ನು ಮತ್ತೆ ಮತ್ತೆ ಓದಿದರಂತೆ. "ನನ್ ತಮ್ಮಂಗ ಒಳಗಣ್ಣದ ಕಣ್ಲಾ," ಎಂದು ಟೀ ಅಂಗಡಿಯಲ್ಲಿ ಹೇಳಿದ್ದರು.

ಇಷ್ಟೆಲ್ಲ ಇದ್ದರೂ ಕತೆಯನ್ನು ಕತೆಯೆಂದು ಓದಿ ಜಗಳವಾಡುವವಳು ವೃಷಭೇಂದ್ರರಿಗೆ ಒಬ್ಬಳೇ ಇದ್ದಳು. ಅದೇ ನಂಜಪ್ಪನವರ ಮಗಳು ಶಿವರಂಜನಿ. ತಾಳವಾಡಿಯಲ್ಲಿ ಪ್ಲಸ್ ಒನ್, ಅಂದರೆ ಹನ್ನೊಂದನೆಯ ತರಗತಿ, ಓದುತ್ತಾಳೆ. ತಮಿಳು ಮಾಧ್ಯಮದ ಹುಡುಗಿ. ಮನೆಮಾತು ಕನ್ನಡವಾದರೂ ಅದನ್ನು ಓದಲು ಕಲಿತದ್ದು ಈ ಮಿಲ್ಲಿನಲ್ಲಿ, ಈ ಕಾದಂಬರಿಗಳಿಂದಲೇ. ಸಂಜೆ ಸ್ಕೂಲು ಬಿಟ್ಟ ಮೇಲೆ ಬಸ್ಸು ಬರುವವರೆಗೆ ಚೀಲದ ಮೇಲೆ ಕೂತು ಓದುತ್ತಿದ್ದಳು. ದಾರಿಯಲ್ಲಿ ಆನೆ ನಿಂತು ಬಸ್ಸು ತಡವಾದರೆ ಇಬ್ಬರಿಗೂ ಖುಷಿ. ಅವರು ಮೆಚ್ಚಿದ್ದನ್ನು ಅವಳು ಮೆಚ್ಚುತ್ತಿರಲಿಲ್ಲ. ಆ ಜಗಳಕ್ಕಾಗಿಯೇ ಅವರು ದಿನವಿಡೀ ಕಾಯುತ್ತಿದ್ದರು.

ಒಂದು ಸಂತೆಯ ದಿನ, ಆಗಷ್ಟೇ ಓದಿ ಮುಗಿಸಿದ ಹೊಸ ಕಾದಂಬರಿಯೊಂದನ್ನು ಅವಳು ಮನೆಯಿಂದ ತಂದಿಟ್ಟಿದ್ದ ಡಬ್ಬದ ಮೇಲಿಟ್ಟು, ಕಳಚಿದ ಬೆಲ್ಟು ಹಾಕಲು ಯಂತ್ರದ ಹಿಂದೆ ಹೋದರು. ಅದು ಸೈಕಲ್ ರಿಪೇರಿ ಕಲಿಯುವ ಹುಡುಗಿಯ ಕತೆ. ಮುಖಪುಟದಲ್ಲಿ ಒಂದೇ ಸೈಕಲ್ಲಿನ ಮೇಲೆ ಹುಡುಗ, ಹುಡುಗಿ. ಅದೇ ಹೊತ್ತಿಗೆ ಎಲೆಕೋಸು ಮಾರಿ ಬಂದ ನಂಜಪ್ಪ, ಮಗಳಿಗೇಕೆ ಭಾರ ಎಂದು ಡಬ್ಬವನ್ನು ತಾವೇ ಮೊಪೆಡ್ಡಿಗೆ ಕಟ್ಟಿಕೊಂಡರು. ಪುಸ್ತಕ ಅಂಗಿಯ ಜೇಬಿನಲ್ಲಿ ಹಿಡಿಸಲಿಲ್ಲ, ಕೈಯಲ್ಲೇ ಇತ್ತು. ಟೀ ಅಂಗಡಿಯ ಮುಂದೆ ಪುಟ್ಟನಂಜಮ್ಮ ನೋಡಿದರು.

"ಓ, ಇಂದ್ರಣ್ಣನ್ ಬುಕ್ಕು! ಯಾರ್ಗ ನಂಜಣ್ಣ?"

"ರಂಜನಿಗ."

ಪುಟ್ಟನಂಜಮ್ಮ ಮುಖಪುಟ ನೋಡಿದರು. ಆಮೇಲೆ ನಂಜಪ್ಪನವರನ್ನು ನೋಡಿದರು. "ಪಾಪ," ಎಂದಷ್ಟೇ ಹೇಳಿದರು.

ಮಾರನೆಯ ದಿನದಿಂದ ಶಿವರಂಜನಿ ಮಿಲ್ಲಿಗೆ ಬರಲಿಲ್ಲ. ಸಂಜೆ ಅಪ್ಪನೇ ಸ್ಕೂಲಿನ ಗೇಟಿಗೆ ಮೊಪೆಡ್ಡು ತಂದು ಕರೆದುಕೊಂಡು ಹೋಗುತ್ತಿದ್ದರು. ಮುಂದಿನ ವರ್ಷ ಸ್ಕೂಲೇ ಬಿಡಿಸುವ ಮಾತೂ ಬಂದಿದೆಯೆಂದು ಅತ್ತಿಗೆ ಶಾಂತಮಲ್ಲಮ್ಮ ಫೋನಿನಲ್ಲಿ ಪಿಸುಗುಟ್ಟಿದರು. ವೃಷಭೇಂದ್ರ ಯಂತ್ರ ನಿಲ್ಲಿಸಿ ತಿಗನಾರೆಗೆ ಹೊರಟರು.

ಜಗುಲಿಯ ಮೇಲೆ ಬೆಳ್ಳುಳ್ಳಿ ಬಿಡಿಸುತ್ತ ಎಲ್ಲರೂ ಕೂತಿದ್ದರು. ನಂಜಪ್ಪ ತಲೆ ಎತ್ತಲಿಲ್ಲ.

"ಅಣ್ಣ, ಅದು ಸುಮ್ನ ಕೊಟ್ಟ ಬುಕ್ಕು ಕಣ."

"ಸುಮ್ನ ಯಾರ್ಗೂ ಕೊಡಕಿಲ್ಲ ಅಂತ ಊರ್ಗೆಲ್ಲ ಸಾರಿದವ್ನು ನೀನೇ ಅಲ್ವಲಾ?"

"ನಾನೇ."

"ಮೊಕ ನೋಡುದ್ರ ಗೊತ್ತಾಯ್ತದ ಅಂದವ್ನು?"

"ಅದೂ ನಾನೇ."

"ನನ್ ವಿಸ್ಯದಲ್ಲಿ ಸರಿಯಾಗೇ ಏಳಿದ್ದೆ. ಈಗ ನನ್ ಮಗಳ್ ಮೊಕದಲ್ಲಿ ಏನ್ ಕಂಡೆ, ಅದ ಏಳು. ಯಾರ್ ಅವ್ನು?"

ಏನೋ ಕಂಡೆ ಎಂದು ವೃಷಭೇಂದ್ರ ಹೇಳಿದರೆ ಹುಡುಗಿಯ ಕತೆ ಮುಗಿಯಿತು. ಕಂಡಿಲ್ಲವೆಂದರೆ ಅಣ್ಣ ನಂಬುವುದಿಲ್ಲ; ಇಷ್ಟು ವರ್ಷ ತಾವೇ ನಂಬಿಸಿದ್ದರು. ಅಷ್ಟರಲ್ಲಿ ಶಿವರಂಜನಿ ಮೊರ ಕೆಳಗಿಟ್ಟಳು.

"ಅಪ್ಪ, ಚಿಕ್ಕಪ್ಪಂಗ ಒಳಗಣ್ಣೂ ಇಲ್ಲ, ಏನೂ ಇಲ್ಲ. ಕಡೇಲಿ ಯಾವ ಬುಕ್ಕ ಓದಿ ಮುಗುಸ್ತರೋ, ಇಲ್ಲಾ ಯಾವುದು ವಾಪಸ್ ಬತ್ತದೋ, ಅದ್ನೇ ಎದುರ್ಗ ಕಂಡ ಡಬ್ಬದ್ ಮ್ಯಾಲ ಮಡುಗ್ತರ. ಸಿದ್ದಯ್ಯನೋರ್ಗ ಕೊಟ್ಟುದ್ದು, ಪುಟ್ಟನಂಜಮ್ಮಂಗ ಕೊಟ್ಟುದ್ದು ಒಂದೇ ಬುಕ್ಕು. ಸಿದ್ದಯ್ಯನೋರು ಓಡೋದ ಉಡ್ಗನ್ನ ನೋಡ್ಕಂಡ್ರು. ಅವಮ್ಮ ಹಾಸ್ಟೆಲ್ ವಾರ್ಡನ್ನ ನೋಡಿ ತಮ್ಮತ್ತನೇ ಅಂದ್ಕಂಡ್ರು."

ನಂಜಪ್ಪನವರ ಕೈಯಲ್ಲಿದ್ದ ಬೆಳ್ಳುಳ್ಳಿ ಅಲ್ಲೇ ನಿಂತಿತು. "ನಂಗ ಕೊಟ್ಟುದ್ದು?"

"ನಿಂಗೂ ಅದೇ, ಅಪ್ಪ. ಅವತ್ತು ವಾಪಸ್ ಬಂದಿತ್ತು. ನಿನ್ ಡಬ್ಬ ಮುಂದಿತ್ತು."

ಈ ಮಾತು ಕೇಳಿ ಅಣ್ಣನಿಗಿಂತ ತಮಗೇ ಹೆಚ್ಚು ಆಶ್ಚರ್ಯವಾಯಿತು ಎನ್ನುತ್ತಾರೆ ವೃಷಭೇಂದ್ರ. ಮುಖ ನೋಡಿ ಕೊಡುತ್ತಿದ್ದೇನೆಂದು ಅವರು ನಿಜಕ್ಕೂ ನಂಬಿದ್ದರು. ಕೂತಲ್ಲೇ ಒಂದೊಂದಾಗಿ ನೆನಪು ಮಾಡಿಕೊಂಡು ನೋಡಿದರು. ಹುಡುಗಿ ಹೇಳಿದ್ದು ಅಕ್ಷರಶಃ ಸರಿಯಾಗಿತ್ತು. ಮೂಲವ್ಯಾಧಿಯಿಂದ ನರಳುತ್ತಿದ್ದ ಕಂಡಕ್ಟರನಿಗೆ ಕಬಡ್ಡಿ ತಂಡದ ಕತೆ ಕೊಟ್ಟದ್ದೂ, ಕೂತ್ಕಳಕ್ಕಾಗ್ದೋರ್ಗ ನಿಂತ್ಕಂಡ್ ಓದೋ ಬುಕ್ಕು ಎಂದು ತಾವು ಸಮಜಾಯಿಷಿ ಕೊಟ್ಟದ್ದೂ ನೆನಪಾಯಿತು.

"ಅಂಗಾರ ಇವ್ಳ್ಗ ಏನೂ ಇಲ್ಲ," ಎಂದರು ನಂಜಪ್ಪ.

"ಏನೂ ಇಲ್ಲ, ಅಣ್ಣ."

"ನಿಂಗೂ ಏನೂ ಗೊತ್ತಿಲ್ಲ."

"ಏನಂದ್ರ ಏನೂ ಗೊತ್ತಿಲ್ಲ."

ಶಾಂತಮಲ್ಲಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ನಗು ಅಡುಗೆಮನೆಯಿಂದ ಕೇಳಿಸಿತು. ನಂಜಪ್ಪ ನಗಲಿಲ್ಲ. "ಆ ಬುಕ್ಕು ನಂಗೇ ಅಂತ ಬರ್ದಂಗಿತ್ತು ಕಣ್ಲಾ," ಎಂದರು, ಮೆಲ್ಲಗೆ. ಬೆಳ್ಳುಳ್ಳಿ ಮತ್ತೆ ಬಿಡಿಸುತ್ತ, "ಈಗ ಏಳಿದ್ನ ಸಂತ ದಿನ ಮಿಲ್ಲಲ್ಲಿ ಎಲ್ಲಾರ್ ಮುಂದ ಏಳ್ಬುಡು. ಆಮೇಲ ಕಳುಸ್ತೀನಿ," ಎಂದರು.

ಮುಂದಿನ ಸಂತೆಯ ದಿನ ವೃಷಭೇಂದ್ರ ಯಂತ್ರ ನಿಲ್ಲಿಸಿ, ತಕ್ಕಡಿಯ ಪಕ್ಕ ನಿಂತು, ತಮಗೆ ಯಾರ ನೋವೂ ತಿಳಿಯದು, ಓದಿ ಮುಗಿದದ್ದನ್ನು ಕೈಗೆ ಸಿಕ್ಕ ಡಬ್ಬದ ಮೇಲೆ ಇಡುತ್ತಿದ್ದೆ, ಅಷ್ಟೇ ಎಂದು ಹೇಳಿದರು.

"ಅಂಗಾರ ನನ್ ಮಗನ್ ಬುಕ್ಕು?" ಎಂದರು ಸಿದ್ದಯ್ಯ.

"ತಪ್ಪಿ ಬಂದುದ್ದು, ಸಿದ್ದಯ್ಯ."

"ತಪ್ಪಿ ಬಂದ್ರೂ ಉಪಕಾರಾಯ್ತು. ಅದ ಓದುದ್ಮೇಲ ಅವ್ನ ಒಡೀನಿಲ್ಲ ನಾನು."

ಪುಟ್ಟನಂಜಮ್ಮ ಮಾತ್ರ ಒಪ್ಪಲಿಲ್ಲ. "ಸುಮ್ಕಿರಣ್ಣ. ನಂಜಣ್ಣ ಬಯ್ದವ್ನ ಅಂತ ಇಂಗಂದಿಯ. ಆ ವಾರ್ಡನ್ನು ನಮ್ಮತ್ತನೇ."

ಯಂತ್ರ ಮತ್ತೆ ಶುರುವಾಯಿತು. ಅಂದಿನಿಂದ ಮಿಲ್ಲಿನ ಮುಂದೆ ಹಾದುಹೋಗುವ ಹುಡುಗರು, "ಇಂದ್ರಣ್ಣ, ಮೊಕ ನೋಡಿ ಏಳಣ್ಣ, ನಾನ್ ಪಾಸಾಯ್ತೀನಾ?" ಎಂದು ಕೂಗುತ್ತಾರೆ. ಹಿಟ್ಟು ತುಂಬಿದ ಕಣ್ಣಿಗೆ ಏನೂ ಕಾಣುತ್ತಿಲ್ಲ ಎಂದು ಅವರೂ ಕೂಗಿ ಹೇಳುತ್ತಾರೆ.

ಶಿವರಂಜನಿ ಮರುದಿನವೇ ಬಂದಳು. ಅಪ್ಪ ಟ್ರಂಕಿನಲ್ಲಿ ಬೀಗ ಹಾಕಿಟ್ಟಿದ್ದ ಸೈಕಲ್ ಕಾದಂಬರಿ ಕೈಯಲ್ಲಿತ್ತು. ಚೀಲದ ಮೇಲೆ ಕೂತು, ಬಸ್ಸಿನ ಹಾರನ್ನಿಗೂ ತಲೆ ಎತ್ತದೆ ಓದಿದಳು. ಮುಗಿಸಿದ ದಿನ ಪುಸ್ತಕವನ್ನು ತಕ್ಕಡಿಯ ಮೇಲೆ ಎಸೆದಳು.

"ಕಡೇಲಿ ಅವ್ಳು ಆ ಸೈಕಲ್ನ ಆ ಉಡ್ಗಂಗೇ ವಾಪಸ್ ಕೊಟ್ಬುಡೋದಾ? ತಾನೇ ರಿಪೇರಿ ಮಾಡಿದ್ದು! ಬರದೋರ್ಗ ಧೈರ್ಯ ಸಾಲ್ನಿಲ್ಲ ಚಿಕ್ಕಪ್ಪ."

"ಕೊಡದ್ರಲ್ಲೇ ಅದ ಕಣವ್ವ ಧೈರ್ಯ! ಅವ್ನು ಕೊಟ್ಟುದ್ದು ಬ್ಯಾಡ ಅಂದ್ಳು ಅವ್ಳು."

"ಬ್ಯಾಡ ಅನ್ನಕ ಅವ್ನೆಲ್ಲಿ ಕೊಟ್ಟ? ಮೂಲೇಲಿ ಬಿದ್ದಿತ್ತು. ಸರಿಯಾಗ್ ಓದಿದ್ದೀಯಾ?"

ಸದ್ದಿನ ಮೇಲೆ ಕೇಳಲೆಂದು ಇಬ್ಬರೂ ಗಂಟಲು ಏರಿಸಿದ್ದರು. ಸಾಲಿನಲ್ಲಿ ನಿಂತಿದ್ದ ಪುಟ್ಟನಂಜಮ್ಮ ಹತ್ತಿರ ಬಂದರು. "ಯಾವೂರ್ ಎಣ್ಣಪ್ಪ ಅವ್ಳು? ಯಾರ್ ಮನೇದು?"

"ಬುಕ್ಕಲ್ಲಿರೋ ಎಣ್ಣು, ದೊಡ್ಡವ್ವ," ಎಂದಳು ಶಿವರಂಜನಿ.

"ಅಂಗಾರ ನನ್ ಡಬ್ಬದ್ ಮ್ಯಾಲ ಮಡುಗು, ನೋಡ್ತೀನಿ."

ವೃಷಭೇಂದ್ರ ಪುಸ್ತಕ ಎತ್ತಿಕೊಂಡು ಹಿಟ್ಟು ಒರೆಸಿದರು. "ಇದು ನೋಡವ್ವ, ನಿಂಗೇ ಅಂತ" ಎಂದು ಶುರುಮಾಡಿದವರು ಅಣ್ಣನ ಮಗಳ ಕಡೆ ತಿರುಗಿದರು. ಅವಳು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು.

"ಚೆಂದಾಗದ," ಎಂದರು. "ಓದು."